ಕಾಪಿ ಮುಗಿಯಿತೆಂದು ಹಳೆಯ ಸರ್ವರ್ ಅಳಿಸಬೇಡಿ

ಮಾನ್ಯ ಸಂಪಾದಕರೇ,

ಹಳೆಯ ಫೈಲ್ ಸರ್ವರ್‌ನಿಂದ ಹೊಸ ನ್ಯಾಸ್‌ಗೆ (ಜಾಲಕ್ಕೆ ಜೋಡಿಸಿದ ಸಂಗ್ರಹ ಯಂತ್ರ) ಡೇಟಾ ಸಾಗಿಸುವುದೆಂದರೆ ‘ಶುಕ್ರವಾರ ಕಾಪಿಗೆ ಹಾಕಿ, ಸೋಮವಾರ ಹಳೆಯದನ್ನು ಫಾರ್ಮ್ಯಾಟ್ ಮಾಡಿ’ ಎಂಬ ಲೆಕ್ಕಾಚಾರ ಹಲವು ಕಚೇರಿಗಳಲ್ಲಿದೆ. ಈ ಲೆಕ್ಕ ಎಲ್ಲಿ ತಪ್ಪುತ್ತದೆ ಎಂಬುದನ್ನು ಓದುಗರ ಗಮನಕ್ಕೆ ತರಬಯಸುತ್ತೇನೆ.

ಒಂದು ಗಿಗಾಬಿಟ್ ಜಾಲದಲ್ಲಿ ಸೆಕೆಂಡಿಗೆ 110 ಮೆಗಾಬೈಟ್ ಆಸುಪಾಸು ಸಿಗುತ್ತದೆ. 10 ಟೆರಾಬೈಟ್‌ಗೆ 25 ಗಂಟೆ ಬೇಕು. ಅದೂ ದೊಡ್ಡ ಫೈಲ್‌ಗಳಾದರೆ ಮಾತ್ರ. ಚಿಕ್ಕಪುಟ್ಟ ಫೈಲ್‌ಗಳು ಲಕ್ಷಗಟ್ಟಲೆ ಇದ್ದರೆ, ತೆರೆಯುವುದು, ಅನುಮತಿ ಬರೆಯುವುದು, ಮುಚ್ಚುವುದು ಎಂದು ಒಂದೊಂದಕ್ಕೂ ಸರ್ವರ್ ಉತ್ತರಕ್ಕೆ ಕಾಯಬೇಕಾಗಿ ವೇಗ ಕೆಲವೇ ಮೆಗಾಬೈಟ್‌ಗೆ ಕುಸಿಯುತ್ತದೆ. ಆಗ ದುಬಾರಿ ಸ್ವಿಚ್ ತಂದರೂ ಉಪಯೋಗ ಕಡಿಮೆ. ಫೋಲ್ಡರ್‌ಗಳನ್ನು ಹಂಚಿ ನಾಲ್ಕಾರು ಕಾಪಿಗಳನ್ನು ಒಟ್ಟಿಗೆ ಓಡಿಸಬೇಕು.

ವಿಂಡೋಸ್‌ನ ಕಾಪಿ ಸಾಧನ ರೋಬೋಕಾಪಿ ಬಳಸುವವರು ಮೊದಲು ‘ಆರ್’ (ಎಷ್ಟು ಬಾರಿ ಮರುಪ್ರಯತ್ನ) ಮತ್ತು ‘ಡಬ್ಲ್ಯು’ (ನಡುವೆ ಎಷ್ಟು ಸೆಕೆಂಡ್ ಕಾಯುವುದು) ಆಯ್ಕೆಗಳನ್ನು ಬದಲಿಸಬೇಕು. ಏನೂ ಹೇಳದಿದ್ದರೆ ಅದು ಬೀಗ ಬಿದ್ದ ಒಂದು ಫೈಲ್‌ಗಾಗಿ 30 ಸೆಕೆಂಡಿಗೊಮ್ಮೆ 10 ಲಕ್ಷ ಬಾರಿ ಪ್ರಯತ್ನಿಸುತ್ತದೆ, ಅಂದರೆ ಹೆಚ್ಚುಕಡಿಮೆ 347 ದಿನ! ಎರಡು ಪ್ರಯತ್ನ, ಐದು ಸೆಕೆಂಡ್ ಸಾಕು. ಉಳಿದದ್ದನ್ನು ಲಾಗ್‌ನಲ್ಲಿ ನೋಡಿಕೊಳ್ಳಬಹುದು.

ಲಿನಕ್ಸ್‌ನ ಕಾಪಿ ಸಾಧನ ಆರ್‌ಸಿಂಕ್‌ನಲ್ಲಿ ಎಲ್ಲರೂ ಹಾಕುವ ಚಿಕ್ಕಕ್ಷರದ ‘ಎ’ ಆಯ್ಕೆ ಹಾರ್ಡ್ ಲಿಂಕ್ (ಒಂದೇ ಡೇಟಾಗೆ ಇರುವ ಹಲವು ಫೈಲ್ ಹೆಸರುಗಳು), ಎಸಿಎಲ್ (ಯಾರಿಗೆ ಯಾವ ಅನುಮತಿ ಎಂಬ ಪಟ್ಟಿ), ವಿಸ್ತೃತ ಗುಣಗಳನ್ನು (ಫೈಲ್‌ಗೆ ಅಂಟಿಸಿದ ಹೆಚ್ಚುವರಿ ಮಾಹಿತಿ) ಒಯ್ಯುವುದಿಲ್ಲ. ಅವಕ್ಕೆ ದೊಡ್ಡಕ್ಷರದ ‘ಎಚ್’, ‘ಎ’, ‘ಎಕ್ಸ್’ ಬೇಕು. ಹಾರ್ಡ್ ಲಿಂಕ್ ನೆಚ್ಚಿಕೊಂಡ ಬ್ಯಾಕಪ್ ಫೋಲ್ಡರ್ ಅನ್ನು ‘ಎಚ್’ ಇಲ್ಲದೆ ಸಾಗಿಸಿದರೆ ಡೇಟಾ ಹಲವು ಪಟ್ಟು ಉಬ್ಬಿ ಹೊಸ ಡಿಸ್ಕ್ ಅರ್ಧದಾರಿಯಲ್ಲೇ ತುಂಬುತ್ತದೆ. ಮೂಲ ಫೋಲ್ಡರ್ ಹೆಸರಿನ ಕೊನೆಯ ಓರೆಗೆರೆ ಬಿಟ್ಟರೆ ಫೋಲ್ಡರ್‌ನೊಳಗೆ ಅದೇ ಹೆಸರಿನ ಇನ್ನೊಂದು ಫೋಲ್ಡರ್ ಹುಟ್ಟುತ್ತದೆ.

ಕನ್ನಡದಲ್ಲಿ ಫೈಲ್ ಹೆಸರಿಡುವವರಿಗೆ ಇನ್ನೆರಡು ತೊಡಕುಗಳಿವೆ. ಇವು ಇಂಗ್ಲಿಷ್ ಕೈಪಿಡಿಗಳಲ್ಲಿ ಸಿಗುವುದು ಅಪರೂಪ. ವಿಂಡೋಸ್‌ನ ಫೈಲ್ ವ್ಯವಸ್ಥೆ ಎನ್‌ಟಿಎಫ್‌ಎಸ್‌ನಲ್ಲಿ ಹೆಸರಿಗೆ 255 ಸಂಕೇತಗಳ (ಅಕ್ಷರ, ಸ್ವರಚಿಹ್ನೆಗಳ ಯೂನಿಕೋಡ್ ಸಂಖ್ಯೆಗಳು) ಮಿತಿ. ಲಿನಕ್ಸ್‌ನ ಫೈಲ್ ವ್ಯವಸ್ಥೆಗಳಾದ ಎಕ್ಸ್‌ಟಿ4, ಎಕ್ಸ್‌ಎಫ್‌ಎಸ್‌ಗಳಲ್ಲಿ 255 ಬೈಟ್. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್ ಬೇಕು. ‘ಶ್ರೀ’ ನೋಡಲು ಒಂದೇ ಅಕ್ಷರ, ಒಳಗೆ ನಾಲ್ಕು ಸಂಕೇತ, 12 ಬೈಟ್. ಹಾಗಾಗಿ 85 ಸಂಕೇತ ದಾಟಿದ ಹೆಸರು ವಿಂಡೋಸ್‌ನಲ್ಲಿ ಚೆನ್ನಾಗಿಯೇ ಇದ್ದು, ಲಿನಕ್ಸ್ ಆಧಾರಿತ ನ್ಯಾಸ್‌ಗೆ ಬಂದಾಗ ‘ಹೆಸರು ಉದ್ದವಾಯಿತು’ ಎಂದು ತಿರಸ್ಕೃತವಾಗುತ್ತದೆ. ಎರಡನೆಯದು, ಹಳೆಯ ಮ್ಯಾಕ್ ಡಿಸ್ಕ್‌ಗಳು ‘ತೋಟ’ದ ಓತ್ವವನ್ನು ಮೂರು ಸಂಕೇತಗಳಾಗಿ ಒಡೆದು ಬರೆಯುತ್ತವೆ, ಬೇರೆಡೆ ಅದು ಒಂದೇ ಸಂಕೇತ. ಎರಡೂ ಕಡೆಯಿಂದ ಕಾಪಿ ಮಾಡಿದರೆ ಒಂದೇ ರೀತಿ ಕಾಣುವ ಎರಡು ‘ತೋಟ’ ಫೋಲ್ಡರ್‌ಗಳು ಅಕ್ಕಪಕ್ಕ ಕೂರುತ್ತವೆ. ಉದ್ದದ ಹೆಸರುಗಳ ಪಟ್ಟಿಯನ್ನು ಕಾಪಿಗೆ ಮೊದಲೇ ತೆಗೆದು ಮೊಟಕುಗೊಳಿಸುವುದು ಜಾಣತನ.

ಮೊದಲ ಸುತ್ತಿನ ಕಾಪಿಯನ್ನು ಜನ ಕೆಲಸ ಮಾಡುತ್ತಿರುವಾಗಲೇ ಮಾಡಬಹುದು. ಕೊನೆಯ ಸುತ್ತಿಗೆ ಮಾತ್ರ ಹಳೆಯ ಷೇರನ್ನು (ಜಾಲದಲ್ಲಿ ಹಂಚಿಕೊಂಡ ಫೋಲ್ಡರ್) ‘ಓದಲಷ್ಟೇ’ ಸ್ಥಿತಿಗೆ ತಂದು, ಬದಲಾದದ್ದನ್ನಷ್ಟೇ ಒಯ್ಯಬೇಕು. ಮೂಲದಲ್ಲಿ ಇಲ್ಲದ್ದನ್ನು ಹೊಸದರಿಂದ ಅಳಿಸುವ ಆರ್‌ಸಿಂಕ್‌ನ ‘ಡಿಲೀಟ್’ ಅಥವಾ ರೋಬೋಕಾಪಿಯ ‘ಮಿರ್’ ಆಯ್ಕೆ ಬಳಸುವುದಿದ್ದರೆ ಮೊದಲು ಅಣಕು ಓಟ (ಏನನ್ನೂ ಬದಲಿಸದೆ ಪಟ್ಟಿಯಷ್ಟೇ ತೋರಿಸುವುದು) ಮಾಡಿ ಪಟ್ಟಿ ಓದಿ. ಮೂಲದ ಮೌಂಟ್ (ಡಿಸ್ಕ್ ಅಥವಾ ಷೇರನ್ನು ಫೋಲ್ಡರ್‌ಗೆ ಜೋಡಿಸಿದ ಕೊಂಡಿ) ಕಳಚಿ ಬರೀ ಖಾಲಿ ಫೋಲ್ಡರ್ ಉಳಿದಿದ್ದರೆ, ಆ ಆಯ್ಕೆ ಹೊಸ ಸರ್ವರನ್ನೂ ಖಾಲಿ ಮಾಡುತ್ತದೆ. ಬಳಕೆದಾರರು ಹೊಸ ಸರ್ವರಿಗೆ ಬೇಗ ತಲುಪಲು, ಸರ್ವರ್ ಹೆಸರನ್ನು ವಿಳಾಸಕ್ಕೆ ಜೋಡಿಸುವ ಡಿಎನ್‌ಎಸ್ ದಾಖಲೆಯ ಟಿಟಿಎಲ್ (ಹಳೆಯ ವಿಳಾಸವನ್ನು ನೆನಪಿಡುವ ಅವಧಿ) ಅನ್ನು ಹಿಂದಿನ ದಿನವೇ 300 ಸೆಕೆಂಡಿಗೆ ಇಳಿಸಿಡಿ. ಜಾಲದ ಮೂಲಕ ಫೈಲ್ ಹಂಚುವ ಎನ್‌ಎಫ್‌ಎಸ್ ವಿಧಾನ ಬಳಸುವ ಯಂತ್ರಗಳಲ್ಲಿ ಮೌಂಟ್ ಬಿಚ್ಚಿ ಮತ್ತೆ ಹಾಕಲೇಬೇಕು.

ಪರಿಶೀಲನೆಗೆ ಎರಡೂ ಕಡೆಯ ‘ಬಳಸಿದ ಜಾಗ’ ಹೋಲಿಸುವುದು ವ್ಯರ್ಥ. ಸಂಕುಚನ, ಬ್ಲಾಕ್ ಗಾತ್ರ ಬೇರೆಯಾದರೆ ಅಂಕಿಯೂ ಬೇರೆಯಾಗುತ್ತದೆ. ಫೈಲ್‌ಗಳ ಸಂಖ್ಯೆ, ಒಟ್ಟು ಬೈಟ್, ಮುಖ್ಯ ಫೋಲ್ಡರ್‌ಗಳ ಚೆಕ್‌ಸಮ್ (ಒಳಗಿನ ಡೇಟಾದಿಂದ ಲೆಕ್ಕಹಾಕಿದ ಗುರುತು ಸಂಖ್ಯೆ) ನೋಡಿ. ಆರ್‌ಸಿಂಕ್ ಮರು ಓಟದಲ್ಲಿ ಗಾತ್ರ ಮತ್ತು ತಿದ್ದಿದ ಸಮಯ ಎರಡೂ ಹೊಂದಿದರೆ ಒಳಗೇನಿದೆ ಎಂದು ನೋಡುವುದೇ ಇಲ್ಲ. ಚಿಕ್ಕಕ್ಷರದ ‘ಸಿ’ ಆಯ್ಕೆ ಕೊಟ್ಟರೆ ಮಾತ್ರ ಎರಡೂ ಕಡೆ ಪೂರ್ತಿ ಓದುತ್ತದೆ. ಸಾಮಾನ್ಯ ಬಳಕೆದಾರರ ಲಾಗಿನ್‌ನಲ್ಲಿ ಒಂದು ಫೈಲ್ ತೆರೆದು ಉಳಿಸಿ ನೋಡಿ. ನಿರ್ವಾಹಕ ಖಾತೆಯಲ್ಲಿ ಅನುಮತಿಯ ದೋಷ ಕಾಣಿಸದು. ಹೊಸ ಸರ್ವರ್‌ನ ಮೊದಲ ಪೂರ್ಣ ಬ್ಯಾಕಪ್ ಮುಗಿದು, ಅದರಿಂದ ಕೆಲವು ಫೈಲ್‌ಗಳನ್ನು ಮರಳಿ ಪಡೆದು ನೋಡುವ ತನಕ ಹಳೆಯ ಡಿಸ್ಕ್‌ಗಳನ್ನು ಮುಟ್ಟಬಾರದು.

ಇತಿ,
ಸ್ಟೋರೇಜ್ ನಿರ್ವಾಹಕ