ಪೂರ್ಣಪರದೆಯಿಂದ ಹೊರಬರುವ ಕೀಲಿ ಎಲ್ಲಿದೆ?

ಮಾನ್ಯರೆ,

ಮಂಡ್ಯದ ಮನೆಯಲ್ಲಿ ಕುಳಿತು ಮೈಸೂರಿನ ಕಚೇರಿಯ ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವುದು ನಮ್ಮಂಥವರಿಗೆ ಈಗ ನಿತ್ಯದ ಕೆಲಸ. ಲೆಕ್ಕ ಬರೆಯುವ ಟ್ಯಾಲಿ ತಂತ್ರಾಂಶ ಇರುವುದು ಅಲ್ಲಿ, ಅಕ್ಕಿ ಗಿರಣಿಯವರೂ ಬೆಲ್ಲದ ಮಂಡಿಯವರೂ ಕೊಡುವ ಬಿಲ್ಲುಗಳು ಇರುವುದು ಇಲ್ಲಿ. ಎರಡನ್ನೂ ಬೆಸೆಯುವುದು, ದೂರದ ಕಂಪ್ಯೂಟರಿನ ಪರದೆಯನ್ನು ನಮ್ಮ ಎದುರಿಗೆ ತರುವ ರಿಮೋಟ್ ಡೆಸ್ಕ್‌ಟಾಪ್ ಎಂಬ ತಂತ್ರಾಂಶ. ಅದರೊಳಗೆ ಹೋಗುವುದನ್ನು ನನಗೆ ಐದು ನಿಮಿಷದಲ್ಲಿ ಹೇಳಿಕೊಟ್ಟರು. ಅದರ ಪೂರ್ಣಪರದೆಯಿಂದ (ಫುಲ್ ಸ್ಕ್ರೀನ್) ಹೊರಬರುವುದನ್ನು ಮಾತ್ರ ಯಾರೂ ಹೇಳಿಕೊಡಲಿಲ್ಲ.

ತಿಂಗಳ ತೆರಿಗೆ ವಿವರವಾದ ಜಿಎಸ್‌ಟಿ 3ಬಿ ಸಲ್ಲಿಸಲು 20ನೇ ತಾರೀಖು ಕಡೆಯ ದಿನ. ಅದರ ಹಿಂದಿನ ದಿನ ಭಾನುವಾರವಾಗಿತ್ತು. ಗಿರಣಿಯವರು ಕಳುಹಿಸಿದ್ದ ಬಿಲ್ಲೊಂದು ನನ್ನ ಲ್ಯಾಪ್‌ಟಾಪಿನಲ್ಲೇ ಇತ್ತು, ಅದರಲ್ಲಿನ ಮೊತ್ತವನ್ನು ಒಮ್ಮೆ ನೋಡಿಕೊಳ್ಳಬೇಕಿತ್ತು. ಆದರೆ ಪರದೆಯ ತುಂಬ ಮೈಸೂರೇ ಹರಡಿಕೊಂಡಿತ್ತು. ಎಸ್ಕೇಪ್ ಒತ್ತಿದೆ, ಟ್ಯಾಲಿ 'ಕ್ವಿಟ್?' ಎಂದು ಕೇಳಿತು. ಬ್ರೌಸರಿನಲ್ಲಿ ನಡೆಯುವ ಎಫ್ 11 ಇಲ್ಲಿಯೂ ನಡೆದೀತೆಂದು ಒತ್ತಿದರೆ ಟ್ಯಾಲಿಯ ಕಂಪನಿ ಫೀಚರ್ಸ್ ಪಟ್ಟಿ ತೆರೆದುಕೊಂಡಿತು. ವಿಂಡೋಸ್ ಕೀಲಿ ಒತ್ತಿದಾಗ ಸ್ಟಾರ್ಟ್ ಮೆನುವೇನೋ ಬಂತು, ಅದು ಕಚೇರಿಯ ಕಂಪ್ಯೂಟರಿನದು ಎಂಬುದು ನನಗೆ ಹೊಳೆಯಲಿಲ್ಲ. ಕಡೆಗೆ ನನ್ನ ಲ್ಯಾಪ್‌ಟಾಪನ್ನೇ ಒಮ್ಮೆ ಆರಿಸಿ ಹಚ್ಚಿದರಾಯಿತೆಂದು ಆ ಮೆನುವಿನಲ್ಲಿ ಶಟ್ ಡೌನ್ ಒತ್ತಿದೆ. ಸ್ವಲ್ಪ ಹೊತ್ತಿಗೆ ಮೊಮ್ಮಗಳ ಚಿತ್ರವಿರುವ ನನ್ನ ಸ್ವಂತ ಪರದೆ ಕಾಣಿಸಿತು, ಗೆದ್ದೆನೆಂದುಕೊಂಡೆ. ಆರಿದ್ದು ನನ್ನ ಲ್ಯಾಪ್‌ಟಾಪಲ್ಲ, ಬೀಗ ಹಾಕಿದ್ದ ಕಚೇರಿಯೊಳಗಿನ ಕಂಪ್ಯೂಟರು! ಆರಿದ ಕಂಪ್ಯೂಟರಿಗೆ ಇಲ್ಲಿಂದ ಜೀವ ಕೊಡಲು ನನಗೆ ದಾರಿಯಿರಲಿಲ್ಲ. ಕುವೆಂಪುನಗರದಲ್ಲಿರುವ ಸಹೋದ್ಯೋಗಿಯೊಬ್ಬರು ಊಟ ಬಿಟ್ಟು, ಸ್ಕೂಟರಿನಲ್ಲಿ ಹೋಗಿ, ಬೀಗ ತೆಗೆದು, ಒಂದು ಗುಂಡಿ ಒತ್ತಿ ಬರಬೇಕಾಯಿತು.

ಹೀಗಾಗುವುದಕ್ಕೆ ಕಾರಣ ಸರಳವಾಗಿದೆ. ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ ಪೂರ್ಣಪರದೆಯಲ್ಲಿದ್ದಾಗ ನಾವು ಒತ್ತುವ ಕೀಲಿಗಳು, ಆಲ್ಟ್ ಟ್ಯಾಬ್ ಮತ್ತು ವಿಂಡೋಸ್ ಕೀಲಿಯೂ ಸೇರಿದಂತೆ, ದೂರದ ಕಂಪ್ಯೂಟರಿಗೆ ಹೋಗುವಂತೆ ಮೊದಲೇ ಹೊಂದಿಸಿರುತ್ತಾರೆ. ಅಲ್ಲಿ ಕೆಲಸ ಮಾಡುವವನಿಗೆ ಅದೇ ಅನುಕೂಲ ಎಂಬುದು ಅವರ ಎಣಿಕೆ, ಅದು ತಪ್ಪೂ ಅಲ್ಲ. ಕಂಟ್ರೋಲ್, ಆಲ್ಟ್, ಡಿಲೀಟ್ ಮೂರನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಅದು ನಮ್ಮ ಎದುರಿನ ಕಂಪ್ಯೂಟರಿಗೇ ಸೇರುತ್ತದೆ. ದೂರದ ಕಂಪ್ಯೂಟರಿಗೆ ಅದನ್ನೇ ಕಳುಹಿಸಬೇಕಾದರೆ ಡಿಲೀಟ್ ಬದಲು ಎಂಡ್ ಒತ್ತಬೇಕು. ಇದಿಷ್ಟು ತಿಳಿದಿದ್ದರೆ ಅಂದು ನಾನು ಅಷ್ಟು ಗಾಬರಿಯಾಗುತ್ತಿರಲಿಲ್ಲ.

ಹೊರಬರಲು ಇರುವ ನೇರ ದಾರಿ ಕಂಟ್ರೋಲ್, ಆಲ್ಟ್, ಬ್ರೇಕ್. ಒಮ್ಮೆ ಒತ್ತಿದರೆ ಪೂರ್ಣಪರದೆ ಕುಗ್ಗಿ ಕಿಟಕಿಯಾಗುತ್ತದೆ, ಮತ್ತೊಮ್ಮೆ ಒತ್ತಿದರೆ ಮತ್ತೆ ಹಿಗ್ಗುತ್ತದೆ. ಆದರೆ ಈ ಬ್ರೇಕ್ ಕೀಲಿ ಎಲ್ಲಿದೆ? ಐಬಿಎಂನ 101 ಕೀಲಿಗಳ ಕೀಲಿಮಣೆಯ ಕಾಲದಲ್ಲಿ ಅದು ಮೇಲುಗಡೆ ಬಲಕ್ಕೆ, ಸ್ಕ್ರೋಲ್ ಲಾಕ್ ಪಕ್ಕದಲ್ಲಿ ಪಾಸ್ ಕೀಲಿಯೊಂದಿಗೆ ಒಂದೇ ಮನೆಯಲ್ಲಿತ್ತು. ಮೇಜಿನ ಕಂಪ್ಯೂಟರುಗಳಲ್ಲಿ ಈಗಲೂ ಉಂಟು. ಇಂದಿನ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಅದು ಇಲ್ಲವೇ ಇಲ್ಲ. ಕೆಲವು ಥಿಂಕ್‌ಪ್ಯಾಡ್‌ಗಳಲ್ಲಿ ಎಫ್‌ಎನ್ ಜೊತೆಗೆ ಬಿ ಒತ್ತಿದರೆ ಬ್ರೇಕ್ ಆಗುತ್ತದೆ, ಆದರೆ ಆ ಬಿ ಕೀಲಿಯ ಮೇಲೆ ಹಾಗೆಂದು ಬರೆದಿರುವುದಿಲ್ಲ. ಬೀಗವನ್ನು ಹಾಗೆಯೇ ಉಳಿಸಿ ಕೀಲಿಕೈಯನ್ನು ಮಾತ್ರ ತೆಗೆದುಹಾಕಿದ್ದಾರೆ.

ಎರಡನೆಯ ದಾರಿ ಪರದೆಯ ಮೇಲಂಚಿನ ನಡುವೆ ಇದೆ. ಮೌಸನ್ನು ಅಲ್ಲಿಗೆ ಒಯ್ದು ಒಂದು ಕ್ಷಣ ನಿಲ್ಲಿಸಿದರೆ ಚಿಕ್ಕ ಪಟ್ಟಿಯೊಂದು ಇಳಿದುಬರುತ್ತದೆ. ಅದರ ನಡುವೆ ದೂರದ ಕಂಪ್ಯೂಟರಿನ ಹೆಸರು, ಬಲಕ್ಕೆ ಮೂರು ಗುಂಡಿಗಳು: ಅಡ್ಡಗೆರೆ ಕೆಳಗಿಳಿಸುತ್ತದೆ, ಚೌಕ ಕಿಟಕಿಯಾಗಿಸುತ್ತದೆ, ಇಂಟು ಗುರುತು ಸಂಪರ್ಕ ಕಡಿಯುತ್ತದೆ. ಸಂಪರ್ಕ ಕಡಿದರೆ ಬರೆಯುತ್ತಿದ್ದ ಲೆಕ್ಕ ಹೋಗಿಬಿಡುತ್ತದೆಂದು ಅನೇಕರು ಹೆದರುತ್ತಾರೆ. ತೆರೆದಿದ್ದ ಟ್ಯಾಲಿ ಅಲ್ಲಿ ಹಾಗೆಯೇ ತೆರೆದಿರುತ್ತದೆ, ಮತ್ತೆ ಸಂಪರ್ಕಿಸಿದಾಗ ಸಾಮಾನ್ಯವಾಗಿ ಬಿಟ್ಟ ಜಾಗದಲ್ಲೇ ಸಿಗುತ್ತದೆ. ಆ ಪಟ್ಟಿಯ ಎಡತುದಿಯಲ್ಲಿ ಗುಂಡುಸೂಜಿಯ ಚಿತ್ರವಿದೆ. ಅದನ್ನು ಚುಚ್ಚಿಟ್ಟರೆ ಪಟ್ಟಿ ಅಡಗುವುದಿಲ್ಲ. ಸಂಪರ್ಕಿಸುವ ಮುನ್ನವೇ ಡಿಸ್‌ಪ್ಲೇ ವಿಭಾಗದಲ್ಲಿ ಪರದೆಯ ಅಳತೆಯನ್ನು ಕಿರಿದಾಗಿಸಿಕೊಂಡರೆ ಪೂರ್ಣಪರದೆಯ ಗೊಡವೆಯೇ ಇಲ್ಲ, ನಾನೀಗ ಹಾಗೆಯೇ ಮಾಡುತ್ತಿದ್ದೇನೆ.

ನನ್ನ ದೂರು ಈ ಅಡಗುವ ಪಟ್ಟಿಯ ಬಗ್ಗೆಯೇ. ಮಂಡ್ಯಕ್ಕೆ ಇಳಿಯಬೇಕಾದವನು ಹೆದ್ದಾರಿಯಲ್ಲಿ ತಿರುವು ತಪ್ಪಿಸಿಕೊಂಡು ಶ್ರೀರಂಗಪಟ್ಟಣದ ಕಡೆಗೆ ಹೋಗಿಬಿಡುವುದುಂಟು. ಆದರೂ ಅಲ್ಲಿ ತಿರುವಿಗೆ ಮುಂಚೆ ಫಲಕವಾದರೂ ಇರುತ್ತದೆ. ಇಲ್ಲಿ ಫಲಕವೇ ಮರೆಗೆ ಸರಿದುಬಿಡುತ್ತದೆ. ಇದೇ ಕೆಲಸ ಮಾಡುವ ಒಂದೊಂದು ತಂತ್ರಾಂಶದ ಕೀಲಿ ಒಂದೊಂದು ಬಗೆ ಎಂಬುದು ಇದಕ್ಕೆ ಸೇರಿದ ಇನ್ನೊಂದು ತೊಡಕು. ಟೈಗರ್ ವಿಎನ್‌ಸಿಯ ಹಳೆಯ ಆವೃತ್ತಿಗಳಲ್ಲಿ ಎಫ್ 8 ಒತ್ತಿ ಮೆನು ತೆರೆಯಬೇಕು, ಟೈಟ್ ವಿಎನ್‌ಸಿಯಲ್ಲಿ ಕಂಟ್ರೋಲ್, ಆಲ್ಟ್, ಶಿಫ್ಟ್ ಜೊತೆಗೆ ಎಫ್ ಅಕ್ಷರ, ಲಿನಕ್ಸ್‌ನ ರೆಮಿನಾದಲ್ಲಿ ಬಲಗಡೆಯ ಕಂಟ್ರೋಲ್ ಮತ್ತು ಎಫ್. ಅಭ್ಯಾಸವಿದ್ದವರಿಗೆ ಇವು ಬೆರಳ ತುದಿಯಲ್ಲಿರುತ್ತವೆ, ನಮಗೆ ಬಾಯಿಪಾಠ ಮಾಡಿದರೂ ಗಾಬರಿಯ ಹೊತ್ತಿನಲ್ಲಿ ನೆನಪಾಗುವುದಿಲ್ಲ. ಪೂರ್ಣಪರದೆ ತೆರೆದೊಡನೆ ಹೊರಬರುವ ಕೀಲಿ ಯಾವುದೆಂದು ಹತ್ತು ಸೆಕೆಂಡುಗಳ ಕಾಲ ಕನ್ನಡದಲ್ಲಿ ಒಂದು ಸಾಲು ತೋರಿಸುವುದು ಇವನ್ನು ತಯಾರಿಸುವವರಿಗೆ ದೊಡ್ಡ ಕೆಲಸವೇನಲ್ಲ.

ಅವರು ಮಾಡುವವರೆಗೂ ಕಾಯಬೇಕಿಲ್ಲ. ಮನೆಯಿಂದ ಕೆಲಸ ಮಾಡಲು ಸಂಪರ್ಕ ಕೊಡುವ ಮೈಸೂರು, ಮಂಡ್ಯದ ಕಚೇರಿಗಳು ಪಾಸ್‌ವರ್ಡ್ ಕೊಡುವ ದಿನವೇ ಹೊರಬರುವ ಕೀಲಿಯನ್ನೂ ಒಂದು ಚೀಟಿಯಲ್ಲಿ ಬರೆದುಕೊಡಲಿ, ಆ ಗುಂಡುಸೂಜಿಯನ್ನು ತಾವೇ ಚುಚ್ಚಿಕೊಡಲಿ. ದೂರದ ಕಂಪ್ಯೂಟರನ್ನು ಆರಿಸುವ ಅಧಿಕಾರವನ್ನು ನನ್ನಂಥವರ ಖಾತೆಯಿಂದ ತೆಗೆದಿಡಲಿ, ಅದಕ್ಕೆ ವಿಂಡೋಸ್‌ನಲ್ಲಿ ಅವಕಾಶವಿದೆ. ಕಂಪ್ಯೂಟರ್ ತರಬೇತಿ ಕೇಂದ್ರಗಳವರು ಡಿಸ್‌ಕನೆಕ್ಟ್, ಸೈನ್ ಔಟ್, ಶಟ್ ಡೌನ್ ಈ ಮೂರರ ವ್ಯತ್ಯಾಸವನ್ನು ಅರ್ಧ ಗಂಟೆ ಮಾಡಿಸಿ ತೋರಿಸಲಿ. ತಮ್ಮ ಪತ್ರಿಕೆಯ ತಂತ್ರಜ್ಞಾನದ ಪುಟದಲ್ಲಿಯೂ ಈ ಕೀಲಿಗಳನ್ನು ಕತ್ತರಿಸಿ ಅಂಟಿಸಿಕೊಳ್ಳುವಷ್ಟು ಚಿಕ್ಕ ಚೌಕದಲ್ಲಿ ಅಚ್ಚು ಹಾಕಿದರೆ ಉಪಕಾರವಾಗುತ್ತದೆ.

ಇತಿ,
ನಿವೃತ್ತ ಲೆಕ್ಕಪತ್ರ ಗುಮಾಸ್ತ, ಮಂಡ್ಯ