ಮಸೂದೆಗೊಂದು ಸರಳ ಕನ್ನಡ ಟಿಪ್ಪಣಿ ಬೇಕು

ಮಾನ್ಯರೇ,

ವಿಧಾನಮಂಡಲದಲ್ಲಿ ಮಂಡನೆಯಾಗುವ ಪ್ರತಿ ಮಸೂದೆಯ ಬಗ್ಗೆಯೂ ಜನರಿಗೆ ಅರ್ಥವಾಗುವ ಟಿಪ್ಪಣಿಯೊಂದು ಚರ್ಚೆಗೆ ಮೊದಲೇ ಸಿಗಬೇಕು. ಗದ್ದಲದ ನಡುವೆ ಮಸೂದೆ ಪಾಸಾಯಿತು ಎಂಬ ಸುದ್ದಿಯನ್ನು ಆಗಾಗ ಓದುತ್ತೇವೆ. ಅದರ ಪ್ರತಿ ಕೈಗೆ ಸಿಕ್ಕರೂ ಸುಮ್ನೆ ಓದಿ ತಿಳಿಯುವುದು ಕಷ್ಟ. ‘ಇಂಥ ಉಪಪ್ರಕರಣದಲ್ಲಿ ಈ ಪದಗಳ ಬದಲಿಗೆ ಆ ಪದಗಳನ್ನು ಸೇರಿಸತಕ್ಕದ್ದು’ ಎಂದಿದ್ದರೆ, ಮೂಲ ಕಾಯ್ದೆ ಪಕ್ಕದಲ್ಲಿಲ್ಲದೆ ಏನು ಬದಲಾಯಿತೆಂದು ಗೊತ್ತಾಗುವುದಿಲ್ಲ. ಮೊದಲ ಸಲ ಗೆದ್ದು ಬಂದ ಶಾಸಕರಿಗೂ ಇದೇ ಪಾಡು ಅಲ್ವಾ?

ಬ್ರಿಟನ್ ಸಂಸತ್ತಿನ ಕೆಳಮನೆಯಾದ ಹೌಸ್ ಆಫ್ ಕಾಮನ್ಸ್‌ನ ಗ್ರಂಥಾಲಯ 1818ರಿಂದ ಇದೆ. ಸರ್ಕಾರದ ಮಸೂದೆ ಚರ್ಚೆಗೆ ಬರುವ ಹೊತ್ತಿಗೆ ಅಲ್ಲಿನ ತಜ್ಞರು ಟಿಪ್ಪಣಿ ಬರೆದಿಡುತ್ತಾರೆ. ಈಗಿನ ಕಾನೂನು ಏನು, ಹೊಸದೇನು, ಬೆಂಬಲಿಸುವವರ ವಾದವೇನು, ಆಕ್ಷೇಪವೇನು ಎಲ್ಲವೂ ಅದರಲ್ಲಿರುತ್ತದೆ. ಯಾವ ಪಕ್ಷದ ಪರವೂ ವಾಲುವುದಿಲ್ಲ. ಯಾರು ಬೇಕಾದರೂ ಅಂತರ್ಜಾಲದಲ್ಲಿ ಓದಬಹುದು. ಅಮೆರಿಕದ ಸಂಸತ್ತಿನ ಸಂಶೋಧನಾ ವರದಿಗಳೂ 2018ರಿಂದ ಸಾರ್ವಜನಿಕರಿಗೆ ಮುಕ್ತವಾಗಿವೆ. ನಮ್ಮ ದೆಹಲಿಯ ಸಂಸತ್ ಗ್ರಂಥಾಲಯಕ್ಕೂ ಸಂಶೋಧನಾ ವಿಭಾಗವಿದೆ. ಸಂಸದರು ಕೇಳಿದ ಮಾಹಿತಿಯನ್ನು ಅದು ಹುಡುಕಿ ಕೊಡುತ್ತದೆ.

ನಮ್ಮ ವಿಧಾನಮಂಡಲದ ಗ್ರಂಥಾಲಯಕ್ಕೂ ಈ ಹೊಣೆ ವಹಿಸಬೇಕು. ಕಾನೂನು, ಅರ್ಥಶಾಸ್ತ್ರ ಬಲ್ಲ ಕೆಲವು ಯುವಕ ಯುವತಿಯರನ್ನು ನೇಮಿಸಲಿ. ಹಳೆಯ ನಿಯಮ ಮತ್ತು ಹೊಸ ನಿಯಮವನ್ನು ಅಕ್ಕಪಕ್ಕ ಇಟ್ಟು ತೋರಿಸುವ ಎರಡು ಪುಟದ ಕನ್ನಡ ಟಿಪ್ಪಣಿ ಸಾಕು. ಶಾಸಕರ ಕೈ ಸೇರಿದ ದಿನವೇ ಅದನ್ನು ವಿಧಾನಮಂಡಲದ ಜಾಲತಾಣದಲ್ಲೂ ಹಾಕಲಿ.

– ಓದುಗ, ಮೈಸೂರು