ಐದೇ ನಿಮಿಷ ಅಂದಿದ್ದೆ

ಪುಟ್ಟಿ,

ಶನಿವಾರ ಫೋನಿನಲ್ಲಿ ಆದದ್ದನ್ನು ಮತ್ತೆ ಬರೆಯುವುದಿಲ್ಲ. ಇಬ್ಬರಿಗೂ ಬಾಯಿಪಾಠ ಆಗಿರುತ್ತೆ. ನೀನು ಫೋನ್ ಇಟ್ಟ ಮೇಲೆ ನಿಮ್ಮಪ್ಪ ಒಂದು ಮಾತೂ ಆಡದೆ ಎದ್ದು ಹೋಗಿ ಪಾತ್ರೆ ತೊಳೆದರು. ಅವರು ಯಾರ ಕಡೆ ಅಂತ ಅಷ್ಟಕ್ಕೇ ಗೊತ್ತಾಯಿತು.

ನೆನ್ನೆ ನನಗೆ ರಜೆ. ಬಸ್ಸು ಹಿಡಿದು ವೇಕ್‌ಫೀಲ್ಡ್‌ಗೆ ಹೋಗಿ ಬಂದೆ. ಇಷ್ಟು ವರ್ಷ ಪಕ್ಕದಲ್ಲೇ ಇದ್ದರೂ ನಿನ್ನ ಶಿಲ್ಪಿ ಬಾರ್ಬರಾ ಹೆಪ್‌ವರ್ತ್ ಹೆಸರಿನ ಮ್ಯೂಸಿಯಮ್ಮಿಗೆ ಕಾಲಿಟ್ಟಿರಲಿಲ್ಲ. ನನ್ನ ಮಗಳ ತಲೆ ಕೆಡಿಸಿದವಳು ಯಾರು, ನೋಡಿಯೇ ಬಿಡೋಣ ಅಂತ ಹೋದದ್ದು. ಸುಳ್ಳು ಯಾಕೆ ಹೇಳಲಿ.

ಆಕೆ 1903ರಲ್ಲಿ ಹುಟ್ಟಿದ್ದು ಅದೇ ಊರಲ್ಲಂತೆ. ಅಪ್ಪ ಕೌಂಟಿಯ ಸರ್ವೇಯರ್. ರಸ್ತೆ ನೋಡಲು ಹೊರಟಾಗ ಮಗಳನ್ನೂ ಕಾರಿನಲ್ಲಿ ಕೂರಿಸಿಕೊಂಡು ಯಾರ್ಕ್‌ಶೈರ್ ಗುಡ್ಡಗಳನ್ನೆಲ್ಲ ಸುತ್ತಿಸುತ್ತಿದ್ದರಂತೆ. ಇದೆಲ್ಲ ನಿನಗೆ ನನಗಿಂತ ಚೆನ್ನಾಗಿ ಗೊತ್ತು, ಬಿಡು. ನನ್ನನ್ನು ತಡೆದು ನಿಲ್ಲಿಸಿದ್ದು ಪ್ಲಾಸ್ಟರ್. ಕಂಚಿನಲ್ಲಿ ಎರಕ ಹೊಯ್ಯುವ ಮುಂಚೆ ಆಕೆ ಮಾಡಿಕೊಂಡ ಮಾದರಿಗಳು, 40ಕ್ಕೂ ಹೆಚ್ಚು. ಅಲ್ಯೂಮಿನಿಯಂ ಬಲೆಯ ಮೇಲೆ ಪ್ಲಾಸ್ಟರ್ ಮೆತ್ತುವುದು, ಒಣಗಿದ ಮೇಲೆ ಕಲ್ಲನ್ನು ಕೆತ್ತಿದ ಹಾಗೆ ಕೆತ್ತುವುದು. ಕಲೆ ನನಗೆ ಗೊತ್ತಿಲ್ಲ. ಪ್ಲಾಸ್ಟರ್ ಗೊತ್ತು. ಆಪರೇಷನ್ ಥಿಯೇಟರಿನಲ್ಲಿ ಅದರ ಜೊತೆಗೇ ಆಯಸ್ಸು ಕಳೆದಿದ್ದೀನಿ.

ನಿನಗೂ ಗೊತ್ತು. ನಾಲ್ಕು ವರ್ಷಕ್ಕೆ ತೊಡೆ ಮೂಳೆ ಮುರಿದುಕೊಂಡು, ಎದೆಯಿಂದ ಕಾಲ್ಬೆರಳ ತನಕ ಪ್ಲಾಸ್ಟರ್ ಹಾಕಿಸಿಕೊಂಡು ಆರು ವಾರ ಸೋಫಾ ಮೇಲೆ ಬಿದ್ದಿದ್ದೆ. ಹೊಟ್ಟೆಯ ಮೇಲಿನ ಪ್ಲಾಸ್ಟರಿಗೆ ಅಪ್ಪ ಬಾಲ್‌ಪೆನ್ನಿನಲ್ಲಿ ಚೌಕಾಬಾರದ ಮನೆ ಬರೆದಿದ್ದರು. ಕವಡೆ ಇರಲಿಲ್ಲ, ಹುಣಸೆ ಬೀಜವನ್ನು ಒಂದು ಕಡೆ ಉಜ್ಜಿ ಬೆಳ್ಳಗೆ ಮಾಡಿ ಆಡಿದಿರಿ. ನಿನಗೆ ನೆನಪಿರುವುದು ಅದು ಮಾತ್ರ. ಹೇಳಿ ಹೇಳಿ ನಗುತ್ತೀಯ.

ನನಗೆ ನೆನಪಿರುವುದು ಬೇರೆ. ಒಂದು ರಾತ್ರಿ ನನಗೆ ಡ್ಯೂಟಿ ಇತ್ತು. ಒಳಗೆ ತುರಿಕೆ ಅಂತ ನೀನು ಅಳುತ್ತಿದ್ದೆ. ಬಸ್ಸಿಗೆ ಹೊತ್ತಾಗಿತ್ತು. 'ಐದೇ ನಿಮಿಷ ಚಿನ್ನ, ಬಂದೆ' ಅಂದು ಬಾಗಿಲು ಎಳೆದುಕೊಂಡೆ. ಐದು ನಿಮಿಷ ಅಂದರೆ ಎಷ್ಟು ಅಂತ ನಾಲ್ಕು ವರ್ಷದ ಮಗುವಿಗೆ ಗೊತ್ತಿರಲ್ಲ ಅಂತ ನನ್ನ ಲೆಕ್ಕ. ಆ ರಾತ್ರಿ ಥಿಯೇಟರಿಗೆ ಬಂದದ್ದೂ ಕಾಲು ಮುರಿದ ಮಗುವೇ. ಯಾರದೋ ಮಗು. ಪ್ಲಾಸ್ಟರ್ ಹಾಕುವಷ್ಟು ಹೊತ್ತೂ ಅದರ ಕಾಲನ್ನು ಎತ್ತಿ ಹಿಡಿದು ನಿಂತಿದ್ದೆ. ಬೆಳಗ್ಗೆ ಬಂದರೆ ಅಪ್ಪ ನೆಲದ ಮೇಲೆ ಮಲಗಿದ್ದರು, ನಿನ್ನ ಪ್ಲಾಸ್ಟರಿನೊಳಗೆ ಸ್ವೆಟರ್ ಹೆಣೆಯುವ ಕಡ್ಡಿ. ತುರಿಸಿಕೊಳ್ಳಲಿ ಅಂತ ಪಾಪ ಅವರೇ ಕೊಟ್ಟಿದ್ದರು. ಗಾಯ ಆದರೆ ಗತಿ ಏನು ಅಂತ ನಾನು ಕಿರುಚಾಡಿದೆ. ಇಡೀ ರಾತ್ರಿ ನಿನ್ನ ಪಕ್ಕ ಇದ್ದವರಿಗೆ ಬೈದೆ ನೋಡು. ನೀನು ಅಳಲಿಲ್ಲ. 'ಐದು ನಿಮಿಷ ಆಯ್ತಾ?' ಅಂತ ಕೇಳಿದೆ.

ಆಯಿತು ಅಂದೆ.

ಆಗ ಮನೆ ಸಾಲ ಇತ್ತು, ರಾತ್ರಿ ಪಾಳಿಗೆ ದುಡ್ಡು ಜಾಸ್ತಿ ಕೊಡುತ್ತಿದ್ದರು. ಅದೂ ನಿಜ. ಆದರೆ ನನಗೆ ಆ ಕೆಲಸ ಇಷ್ಟ ಇತ್ತು, ಪುಟ್ಟಿ. ಬಸ್ಸಿನಲ್ಲಿ ಕೂತಾಗ ಹಾಯ್ ಅನಿಸಿತ್ತು. ಇದನ್ನು ಯಾರಿಗೂ ಹೇಳಿಲ್ಲ. ಮೊನ್ನೆ 'ಎರಡು ವರ್ಷದ ಮಗೂನ ಬಿಟ್ಟು' ಅಂತ ನಿನಗೆ ಶುರು ಮಾಡಿದೆನಲ್ಲ, ಅದನ್ನು ಹೇಳಿದ ಬಾಯಿ ಇದೇ.

ಮ್ಯೂಸಿಯಮ್ ಅಂಗಡಿಯಲ್ಲಿ ನಿಂತೇ ಒಂದು ಪುಸ್ತಕ ಓದಿದೆ. 1934ರ ಅಕ್ಟೋಬರಿನಲ್ಲಿ ಆಕೆಗೆ ಒಂದೇ ಹೆರಿಗೆಯಲ್ಲಿ ಮೂರು ಮಕ್ಕಳು. ಮೊದಲ ಮದುವೆಯ ಮಗ ಪಾಲ್‌ಗೆ ಆಗಿನ್ನೂ ಐದು ವರ್ಷ. ಆ ಮೂರನ್ನೂ ಹತ್ತಿರದ ನರ್ಸರಿ ತರಬೇತಿ ಕಾಲೇಜಿನವರ ಕೈಗೆ ಕೊಟ್ಟು ಮತ್ತೆ ಉಳಿ ಹಿಡಿದಳು. ಮರುವರ್ಷ ಬಿಳಿ ಅಮೃತಶಿಲೆಯಲ್ಲಿ ಕೆತ್ತಿದ್ದು ಏನು ಗೊತ್ತಲ್ಲ? ಮೂರು ದುಂಡನೆಯ ಆಕಾರ. ಮನೆಯಲ್ಲಿ ಇಲ್ಲದ್ದನ್ನು ಕಲ್ಲಿನಲ್ಲಿ ಎಣಿಸಿಕೊಂಡಳೇನೋ ಅನಿಸಿತು. ನೀನು ಬೇರೆ ಏನೋ ಹೇಳುತ್ತೀಯ, ಗೊತ್ತು.

ಅದೇ ಮೂವರಲ್ಲಿ ಒಬ್ಬಳು ಸಾರಾ. 1944ರಲ್ಲಿ ಅವಳ ಮೂಳೆಗೆ ಸೋಂಕಾಗಿ ಪ್ಲಾಸ್ಟರಿನಲ್ಲಿ ಮಲಗಿದಳು. ಚಿಕಿತ್ಸೆ ಕೊಟ್ಟ ಸರ್ಜನ್ ನಾರ್ಮನ್ ಕೇಪನರ್ ಜೊತೆ ಬಾರ್ಬರಾಗೆ ಸ್ನೇಹವಾಯಿತು. ಆಪರೇಷನ್ ನೋಡಲು ಬನ್ನಿ ಅಂತ ಅವರೇ ಕರೆದರು. 1947ರಿಂದ ಎರಡು ವರ್ಷ ಥಿಯೇಟರುಗಳಲ್ಲಿ ನಿಂತು ನೋಡಿ ಸುಮಾರು 80 ಚಿತ್ರ ಮಾಡಿದಳು. ಹಲಗೆಗೆ ಗೆಸೊ ಅನ್ನುವ ಬಿಳಿ ಲೇಪ ಬಳಿದು, ಮೇಲೆ ತೆಳ್ಳಗೆ ಎಣ್ಣೆಬಣ್ಣ ಹಚ್ಚಿ, ಬ್ಲೇಡಿನಿಂದ ಹೆರೆದು, ಪೆನ್ಸಿಲಿನಲ್ಲಿ ಗೆರೆ. ಕೆತ್ತುವ ಕೈ ಎಲ್ಲಿ ಸುಮ್ನೆ ಇರುತ್ತೆ?

ರಕ್ತ ಎಲ್ಲೂ ಇಲ್ಲ. ಟೋಪಿ ಮತ್ತು ಮಾಸ್ಕಿನ ನಡುವೆ ಕಣ್ಣು, ಆಮೇಲೆ ಕೈ. ಅಷ್ಟೇ. ಅಲ್ಲಿ ಒಬ್ಬಳು ನರ್ಸ್ ಸರ್ಜನ್ ಕೈಯನ್ನೇ ನೋಡುತ್ತಿದ್ದಾಳೆ, ಅವರು ಕೇಳುವ ಮುಂಚೆಯೇ ಏನು ಬೇಕು ಅಂತ ಗೊತ್ತಿರುವವಳ ಹಾಗೆ. ನಾವು ನಿಲ್ಲುವುದು ಹಾಗೇ. ಅಷ್ಟು ಸರಿಯಾಗಿ ನಮ್ಮನ್ನು ಯಾರೂ ನೋಡಿಲ್ಲ. ಪುಸ್ತಕ ಕೊಂಡುಕೊಂಡೆ. ಬೆಲೆ ಕೇಳಬೇಡ.

ಸರಿ, ಹೋಗು. ಸೇಂಟ್ ಐವ್ಸ್‌ನಲ್ಲಿ ಆರು ವಾರ ಕೆತ್ತು. ನನ್ನ ಮಗಳನ್ನು ಕರೆದು ಕಲ್ಲು ಕೊಡುತ್ತಾರೆ ಅಂದರೆ ಸಣ್ಣ ಮಾತಲ್ಲ. ವಾರ್ಡಿನಲ್ಲಿ ಎಲ್ಲರಿಗೂ ಹೇಳಿ ಆಯಿತು, ಶುಕ್ರವಾರವೇ. ಹೌದು, ಜಗಳಕ್ಕೆ ಮುಂಚೆ. ಆದರೆ ಮಾಸ್ಕ್ ಇಲ್ಲದೆ ಉಜ್ಜಬೇಡ. ಬಟ್ಟೆ ಮಾಸ್ಕ್ ಅಲ್ಲ, ಸರಿಯಾದದ್ದು. ಕಲ್ಲಿನ ದೂಳು ಶ್ವಾಸಕೋಶಕ್ಕೆ ಹೋದರೆ ವಾಪಸ್ ಬರುವುದಿಲ್ಲ. ಕೂದಲು ಕಟ್ಟು. ಹೊತ್ತಿಗೆ ಸರಿಯಾಗಿ ಊಟ ಮಾಡು, ಬಿಸ್ಕತ್ತು ಊಟ ಅಲ್ಲ. ಹೀಟರ್ ಆರಿಸಿಯೇ ಮಲಗು. ನಗಬೇಡ. ಆಕೆ ಅದೇ ಊರಿನ ತನ್ನ ಸ್ಟುಡಿಯೋದಲ್ಲಿ ಬೆಂಕಿ ಬಿದ್ದು ಸತ್ತಳು, 1975ರಲ್ಲಿ, 72 ವರ್ಷಕ್ಕೆ. ಅದನ್ನು ಓದಿದಾಗಿನಿಂದ ನಿನ್ನೆ ರಾತ್ರಿ ಎರಡು ಸಲ ಎದ್ದು ನಮ್ಮ ಮನೆಯ ಹೀಟರ್ ನೋಡಿದ್ದೀನಿ. ನೋಡು, ಉಪದೇಶ ಮಾಡಲ್ಲ ಅಂದುಕೊಂಡೇ ಕೂತಿದ್ದೆ.

ಎರಡು ವಾರ ರಜೆ ಹಾಕಿದ್ದೀನಿ. ಭಾನುವಾರ ಬೆಳಗಿನ ರೈಲಿಗೆ ಬರುತ್ತೇನೆ, ನೀನು ಹೊರಡುವ ಮುಂಚೆ. ಅಪ್ಪನೂ ಬರುತ್ತಾರೆ, ಹುಣಸೆ ಬೀಜ ಉಜ್ಜುತ್ತಾ ಕೂತಿದ್ದಾರೆ. ಮಗೂಗೆ ರಾತ್ರಿ ಹಾಲು ಎಷ್ಟು ಹೊತ್ತಿಗೆ, ಎಷ್ಟು, ಎಲ್ಲ ಬರೆದು ಫ್ರಿಜ್ಜಿಗೆ ಅಂಟಿಸು. ಫೋನ್ ಮಾಡಿ ಹೇಳಬೇಡ, ಮತ್ತೆ ಜಗಳ ಆಗುತ್ತೆ. ಮತ್ತೆ ಹೊರಡುವಾಗ ಅವಳಿಗೆ ಆರು ವಾರ ಅಂತಲೇ ಹೇಳು.

ಅಮ್ಮ